ಖಾಲಿ ಸ್ಟ್ರಿಪ್ ತಂದರೆ ಹೊಸ ಮಾತ್ರೆ: ಹೆಬ್ರಿ ಕಡೆಯ ಉಚಿತ ಕ್ಲಿನಿಕ್‌ನ ಅನುಭವ

ಇಂಜೆಕ್ಷನ್ ಚುಚ್ಚದ ಕ್ಲಿನಿಕ್‌ಗೆ ಹಳ್ಳಿಯವರು ಬರುವುದಿಲ್ಲ, ಪುಕ್ಕಟೆ ಕೊಟ್ಟ ಮಾತ್ರೆಯನ್ನು ತೆಗೆದುಕೊಳ್ಳುವುದೂ ಇಲ್ಲ ಎಂದು ವೈದ್ಯಮಿತ್ರರೇ ಹೇಳಿದ್ದರು. ಉಡುಪಿ ಜಿಲ್ಲೆಯ ಹೆಬ್ರಿ ಕಡೆಯ ಭಜನಾ ಮಂದಿರದ ಜಗಲಿಯಲ್ಲಿ ಮಂಗಳವಾರ ನಡೆಯುವ ನಮ್ಮ ಕ್ಲಿನಿಕ್‌ನಲ್ಲಿ ಈಗ ಬಿಪಿ, ಶುಗರ್‌ನವರೇ ಇನ್ನೂರರ ಹತ್ತಿರ ಇದ್ದಾರೆ. ಹತ್ತರಲ್ಲಿ ಏಳೆಂಟು ಮಂದಿ ತಪ್ಪದೆ ಬರುತ್ತಾರೆ. ಇಂಜೆಕ್ಷನ್ ಇವತ್ತಿಗೂ ಇಲ್ಲ.

ಮೊದಲು ನಡೆಸಿದ್ದು ದೊಡ್ಡ ಶಿಬಿರಗಳನ್ನು. ಶಾಮಿಯಾನ, ಊಟ, ಬ್ಯಾನರ್ ಎಂದು ಒಂದೊಂದಕ್ಕೂ ನಲವತ್ತು ಸಾವಿರದಷ್ಟು ಹೋಗುತ್ತಿತ್ತು. ಕೊಟ್ಟ ಮಾತ್ರೆ ಹದಿನೈದು ದಿನಕ್ಕೆ ಮುಗಿದು ಬಿಪಿ ಮತ್ತೆ 180. ದಾನವಾಗಿ ಬಂದ ಸ್ಯಾಂಪಲ್ ಮಾತ್ರೆಗಳದ್ದು ಬೇರೆಯೇ ತೊಂದರೆ. ಬಿಪಿಗೆ ಕೊಡುವ ಒಂದೇ ಅಮ್ಲೋಡಿಪಿನ್ ತಿಂಗಳಿಗೊಂದು ಹೆಸರಿನಲ್ಲಿ, ಬಣ್ಣದಲ್ಲಿ ಬಂದರೆ ಹಳೆಯದನ್ನೂ ಹೊಸದನ್ನೂ ಸೇರಿಸಿ ತೆಗೆದುಕೊಳ್ಳುತ್ತಾರೆ, ಪಾದ ಬಾತುಕೊಂಡು ಬರುತ್ತಾರೆ. ಈಗ ಸ್ಯಾಂಪಲ್ ಮುಟ್ಟುವುದಿಲ್ಲ. ಇಪ್ಪತ್ತೈದರಷ್ಟು ಜೆನೆರಿಕ್ ಔಷಧಿ ಮಾತ್ರ, ವರ್ಷವಿಡೀ ಒಂದೇ ಕಂಪನಿಯದು.

ಕೈಹಿಡಿದದ್ದು ಸ್ಟ್ರಿಪ್ ಲೆಕ್ಕ. ನಾಲ್ಕು ವಾರಕ್ಕೊಮ್ಮೆ ಬರಬೇಕು. ದಿನಕ್ಕೊಂದರ ಮಾತ್ರೆಯಾದರೆ ಮೊದಲ ಸಲ ಹತ್ತರ ನಾಲ್ಕು ಸ್ಟ್ರಿಪ್, ಆಮೇಲೆ ಪ್ರತಿ ಸಲ ಮೂರು. 28 ದಿನಕ್ಕೆ 30 ಮಾತ್ರೆ ಸಿಗುವುದರಿಂದ ಮೊದಲು ಉಳಿದ ಹನ್ನೆರಡು ಹಾಗೇ ಇರುತ್ತದೆ. ಮಳೆಗೆ ಬಸ್ಸು ನಿಂತರೂ, ಮನೆಯಲ್ಲಿ ನೇಮ (ದೈವದ ಉತ್ಸವ), ಮದುವೆ ಬಂದರೂ ಮಾತ್ರೆ ತಪ್ಪುವುದಿಲ್ಲ. ಸ್ಟ್ರಿಪ್ ಕತ್ತರಿಸಬಾರದು; ಕತ್ತರಿಸಿದರೆ ಎಕ್ಸ್‌ಪೈರಿ ದಿನಾಂಕವಿರುವ ತುದಿ ನಮ್ಮ ಡಬ್ಬಕ್ಕೆ, ಮಾತ್ರೆ ಮನೆಗೆ ಎಂದಾಗುತ್ತದೆ. ಹದಿನೈದರ ಸ್ಟ್ರಿಪ್ ಕೊಳ್ಳಲೇಬೇಡಿ, ಎಣಿಕೆ ಕೆಡುತ್ತದೆ. ಬರುವಾಗ ಖಾಲಿ ಸ್ಟ್ರಿಪ್ಪೂ ಉಳಿದದ್ದೂ ತರಬೇಕು. ತಾರದವರನ್ನು ಬರಿಗೈಯಲ್ಲಿ ಕಳಿಸುವುದಿಲ್ಲ, ಒಂದೇ ಸ್ಟ್ರಿಪ್ ಕೊಡುತ್ತೇವೆ. ಮುಂದಿನ ಮಂಗಳವಾರ ಎಲ್ಲವನ್ನೂ ಪೊಟ್ಟಣ ಕಟ್ಟಿ ತರುತ್ತಾರೆ. ಬಿಪಿ ಇಳಿಯದಿದ್ದಾಗ ಇನ್ನೊಂದು ಬಿಪಿ ಮಾತ್ರೆ ಟೆಲ್ಮಿಸಾರ್ಟನ್ ಸೇರಿಸುವ ಮೊದಲು ಆ ಪೊಟ್ಟಣ ಬಿಚ್ಚಿ ನೋಡಿದರೆ ಅರ್ಧ ಪ್ರಶ್ನೆ ಅಲ್ಲೇ ಬಗೆಹರಿಯುತ್ತದೆ.

ಶುಗರ್‌ನವರಿಗೆ ಖಾಲಿ ಹೊಟ್ಟೆಯಲ್ಲಿ ಬನ್ನಿ ಎನ್ನುವಾಗ ಎಚ್ಚರ ಬೇಕು. ಶುಗರ್ ಇಳಿಸುವ ಗ್ಲಿಮೆಪಿರೈಡ್ ಮಾತ್ರೆ ತೆಗೆದುಕೊಂಡು, ತಿಂಡಿ ಬಿಟ್ಟು ಬಸ್ಸು ಹತ್ತುತ್ತಾರೆ. ಇಳಿಯುವಾಗ ಶುಗರ್ ಕುಸಿದು ಬೆವರು, ನಡುಕ. ಏಕಾದಶಿ, ಸಂಕಷ್ಟಿಯ ಉಪವಾಸದಲ್ಲೂ ಅದೇ. "ಊಟ ಇಲ್ಲದ ಹೊತ್ತು ಈ ಮಾತ್ರೆ ಇಲ್ಲ" ಎಂದು ಕಾರ್ಡಿನ ಮೇಲೆ ಕೆಂಪು ಶಾಯಿಯಲ್ಲಿ ಬರೆಯುತ್ತೇವೆ. ನಮ್ಮಲ್ಲಿ ನೋಡುವುದು ತಿಂಡಿಯಾಗಿ ಎರಡು ಗಂಟೆಯ ಶುಗರ್.

ಶುಗರ್ ನೋಡುವ ಗ್ಲೂಕೋಮೀಟರ್ ಸ್ಟ್ರಿಪ್ಪಿಗೆ ನಮ್ಮ ಮಳೆಗಾಲ ಶತ್ರು. ಡಬ್ಬಿಯ ಮುಚ್ಚಳ ತೆರೆದಿಟ್ಟು ಮಾತಾಡುತ್ತಾ ಕೂತರೆ ಥಂಡಿ ಹಿಡಿದು ಅಂಕಿ ಅಡ್ಡಾದಿಡ್ಡಿ. 50ರ ಒಂದು ಡಬ್ಬಿ ಮುಗಿಯುವವರೆಗೆ ಇನ್ನೊಂದನ್ನು ತೆರೆಯಬಾರದು. ಹಲಸಿನ ಕಾಲದಲ್ಲಿ ಇನ್ನೊಂದು ಮೋಸವಿದೆ: ಹಣ್ಣು ಬಿಡಿಸಿದ ಬೆರಳಿನಲ್ಲಿ ಶುಗರ್ ಮುನ್ನೂರು ದಾಟುತ್ತದೆ, ಸ್ಪಿರಿಟ್ ಹತ್ತಿ ಒರೆಸಿದರೂ ಹೋಗುವುದಿಲ್ಲ. ಸೋಪು ಹಾಕಿ ಕೈ ತೊಳೆಸಿ, ಒಣಗಿಸಿ, ಮತ್ತೆ ಚುಚ್ಚಿ.

ಜೊತೆಗೊಂದು ಪ್ರಯೋಗವನ್ನೂ ಮಾಡಿದೆವು. ಜೂನ್ 1ರಿಂದ ಜುಲೈ ಕೊನೆಯವರೆಗೆ ಮೀನು ಹಿಡಿಯುವ ಟ್ರಾಲ್ ಬೋಟು ಕಡಲಿಗಿಳಿಯುವುದಿಲ್ಲ. ಗಂಜಿಗೆ ಒಣಮೀನು, ಉಪ್ಪಿನಕಾಯಿಯೇ ಗತಿ. ಆಟಿಯಲ್ಲಿ (ಜುಲೈ-ಆಗಸ್ಟ್‌ನ ತುಳು ತಿಂಗಳು) ಬಿಪಿ ಏರುವುದು ಕಾರ್ಡುಗಳಲ್ಲೇ ಕಾಣುತ್ತಿತ್ತು. ಒಣಮೀನು ಬಿಡಿ ಎಂದರೆ ಯಾರೂ ಬಿಡಲಿಲ್ಲ. ಬಿಸಿನೀರಿನಲ್ಲಿ ಅರ್ಧ ಗಂಟೆ ನೆನೆಸಿ, ಎರಡು ಸಲ ನೀರು ಚೆಲ್ಲಿ, ಪದಾರ್ಥಕ್ಕೆ ಬೇರೆ ಉಪ್ಪು ಹಾಕಬೇಡಿ ಎಂದರೆ ಕೇಳಿದರು. ಮಾತ್ರೆ ಬದಲಿಸದೆ ಐದಾರು ಅಂಕಿ ಇಳಿದವರು ಕೆಲವರಿದ್ದಾರೆ.

ದುಡ್ಡಿನ ವಿಷಯ: ಒಬ್ಬರ ತಿಂಗಳ ಮಾತ್ರೆಗೆ ಸರಾಸರಿ ನೂರು ರೂಪಾಯಿ, ಬ್ರಾಂಡೆಡ್ ಆದರೆ ನಾಲ್ಕು ಪಟ್ಟು. ನರ್ಸ್, ಗ್ಲೂಕೋಮೀಟರ್ ಸ್ಟ್ರಿಪ್, ತ್ಯಾಜ್ಯದ ಗಾಡಿ ಸೇರಿ ತಿಂಗಳಿಗೆ ಮೂವತ್ತೈದು ಸಾವಿರದ ಆಸುಪಾಸು. ಶಿಬಿರಕ್ಕೆ ಕೈಬಿಚ್ಚಿ ಕೊಡುವ ದಾನಿಗಳು ಮಾತ್ರೆಗೆ ಕೊಡುವುದಿಲ್ಲ. "ಒಬ್ಬರ ಒಂದು ವರ್ಷದ ಮಾತ್ರೆ, 1,200 ರೂಪಾಯಿ" ಎಂದು ಕೇಳಿದ ಮೇಲೆ ಮುಂಬಯಿಯಲ್ಲಿರುವ ಊರವರೇ ಬಹುಪಾಲು ಹೊತ್ತುಕೊಂಡರು.

ಮಳೆಗಾಲದ ದಾಸ್ತಾನು ಮೇ ಕೊನೆಯೊಳಗೆ ಬರಬೇಕು. ಇಲಿಜ್ವರಕ್ಕೆ ಕೊಡುವ ಡಾಕ್ಸಿಸೈಕ್ಲಿನ್ ಆಗಲೇ ಹೆಚ್ಚು ತರಿಸಿ. ನಾಟಿ ಶುರುವಾದ ಮೇಲೆ ಜ್ವರ, ಮೀನಖಂಡದ ನೋವು, ಕೆಂಪು ಕಣ್ಣು ಒಟ್ಟಿಗೆ ಕಂಡರೆ ಇಲಿಜ್ವರದ ಅನುಮಾನ ಮೊದಲು. ಕಣ್ಣು ಹಳದಿಯಾದರೆ, ಮೂತ್ರ ಕಡಿಮೆಯಾದರೆ ಜಗಲಿಯಲ್ಲಿ ಇಟ್ಟುಕೊಳ್ಳದೆ ಅವತ್ತೇ ಉಡುಪಿಗೆ ಕಳಿಸಿ.