ಘಟ್ಟದ ಮೇಲಿನವರು ನೇತ್ರಾಣಿಗೆ ಸ್ಕೂಬಾ ಡೈವಿಂಗ್‌ಗೆ ಹೊರಡುವ ಮುನ್ನ

ಸ್ಕೂಬಾ ಡೈವಿಂಗ್‌ಗೆ, ಅಂದರೆ ಬೆನ್ನಿಗೆ ಗಾಳಿಯ ಸಿಲಿಂಡರ್ ಕಟ್ಟಿಕೊಂಡು ಸಮುದ್ರದಾಳಕ್ಕೆ ಇಳಿಯಲು, ಹಾಸನ, ಚಿಕ್ಕಮಗಳೂರು ಕಡೆಯಿಂದ ಮುರ್ಡೇಶ್ವರದ ಬಳಿಯ ನೇತ್ರಾಣಿ ದ್ವೀಪಕ್ಕೆ ಹೊರಡುವವರು ಹೋಗುವ ದಿನದ ಲೆಕ್ಕವನ್ನು ಬಹಳ ಎಚ್ಚರದಿಂದ ಹಾಕುತ್ತಾರೆ. ಎಷ್ಟು ಗಂಟೆಗೆ ಮನೆ ಬಿಡಬೇಕು, ಶಿರಾಡಿ ಇಳಿಯಬೇಕೋ ಚಾರ್ಮಾಡಿಯೋ ಆಗುಂಬೆಯೋ, ಮುರ್ಡೇಶ್ವರದಲ್ಲಿ ದೋಣಿ ಬಿಡುವ ಹೊತ್ತಿಗೆ ತಲುಪುವುದು ಹೇಗೆ ಎಂಬುದೆಲ್ಲ ಮೊದಲೇ ತೀರ್ಮಾನವಾಗಿರುತ್ತದೆ. ವಾಪಸು ಬರುವುದು ಮಾತ್ರ 'ಡೈವ್ ಮುಗಿಸಿ ಊಟ ಮಾಡಿ ಹೊರಟರೆ ರಾತ್ರಿ ಮನೆ ಸೇರಬಹುದು' ಎಂಬ ಒಂದೇ ಮಾತಿನಲ್ಲಿ ಮುಗಿದುಹೋಗುತ್ತದೆ. ನನ್ನ ಅನುಭವದಲ್ಲಿ ಈ ಪ್ರವಾಸದ ಯೋಜನೆಯನ್ನು ವಾಪಸಾತಿಯ ಗಳಿಗೆಯಿಂದಲೇ ಆರಂಭಿಸಿ ಹಿಂದಕ್ಕೆ ಲೆಕ್ಕ ಹಾಕುತ್ತ ಬರಬೇಕು. ಏಕೆಂದರೆ ಹಾಸನ ಸಮುದ್ರ ಮಟ್ಟದಿಂದ ಸುಮಾರು 950 ಮೀಟರ್ ಎತ್ತರದಲ್ಲಿದೆ, ಚಿಕ್ಕಮಗಳೂರು ಸಾವಿರ ಮೀಟರಿಗೂ ಮೇಲಿದೆ. ಡೈವ್ ಮಾಡಿದ ಸಂಜೆಯೇ ಘಟ್ಟ ಹತ್ತುವುದು ದೇಹದ ಮಟ್ಟಿಗೆ ವಿಮಾನ ಹತ್ತುವುದರ ಸಾಲಿಗೇ ಸೇರುತ್ತದೆ.

ಇದರ ಕಾರಣ ನಮ್ಮವರಿಗೆ ಅರ್ಥವಾಗುವುದು ಕಷ್ಟವೇನಲ್ಲ. ಉಜಿರೆಯಲ್ಲಿ ಕೊಂಡ ಚಿಪ್ಸ್ ಪೊಟ್ಟಣವನ್ನು ಒಡೆಯದೆ ಕಾರಿನಲ್ಲಿಟ್ಟುಕೊಂಡು ಚಾರ್ಮಾಡಿ ಹತ್ತಿದರೆ, ಕೊಟ್ಟಿಗೆಹಾರದಲ್ಲಿ ನೀರುದೋಸೆಗೆ ನಿಲ್ಲಿಸುವಷ್ಟರಲ್ಲಿ ಅದು ಉಬ್ಬಿ, ಬೆರಳಿನಿಂದ ಒತ್ತಿದರೆ ತಗ್ಗದಷ್ಟು ಬಿಗಿಯಾಗಿರುತ್ತದೆ. ಒಳಗಿನ ಗಾಳಿ ಹೆಚ್ಚಿಲ್ಲ, ಹೊರಗಿನ ಒತ್ತಡ ಕಡಿಮೆಯಾಗಿದೆ, ಅಷ್ಟೆ. ಸಾವಿರ ಮೀಟರ್ ಎತ್ತರದಲ್ಲಿ ಗಾಳಿಯ ಒತ್ತಡ ಸಮುದ್ರ ತೀರಕ್ಕಿಂತ ಹತ್ತರಲ್ಲಿ ಒಂದು ಪಾಲಿನಷ್ಟು ಕಡಿಮೆ ಇರುತ್ತದೆ. ನೀರಿನಲ್ಲಿ ಇದಕ್ಕೆ ತದ್ವಿರುದ್ಧ. ಪ್ರತಿ 10 ಮೀಟರ್ ಆಳಕ್ಕೆ ನಮ್ಮ ಮೇಲಿನ ಒತ್ತಡಕ್ಕೆ ಇನ್ನೊಂದು ವಾತಾವರಣದಷ್ಟು ಒತ್ತಡ ಸೇರುತ್ತ ಹೋಗುತ್ತದೆ. ಆ ಒತ್ತಡದಲ್ಲಿ ಸಿಲಿಂಡರಿನ ಗಾಳಿಯನ್ನು ಉಸಿರಾಡುವಾಗ ಅದರ ಮುಕ್ಕಾಲು ಪಾಲಿಗೂ ಮಿಕ್ಕಿರುವ ಸಾರಜನಕ ರಕ್ತದಲ್ಲಿ, ಕೊಬ್ಬಿನಲ್ಲಿ, ಕೀಲುಗಳ ಸುತ್ತ ಕರಗುತ್ತದೆ. ಮೇಲೆ ಬಂದ ನಂತರ ಅದು ಗಂಟೆಗಟ್ಟಲೆ ಸಮಯ ತೆಗೆದುಕೊಂಡು ಉಸಿರಿನ ಮೂಲಕ ಹೊರಹೋಗಬೇಕು. ಅಷ್ಟರೊಳಗೆ ಹೊರಗಿನ ಒತ್ತಡ ಇನ್ನಷ್ಟು ಇಳಿದರೆ, ಗೋಲಿ ಸೋಡಾ ಒಡೆದಾಗ ಏಳುವ ಗುಳ್ಳೆಗಳಂತೆ ಅದು ದೇಹದೊಳಗೇ ಗುಳ್ಳೆಯಾಗಬಹುದು. ಡೈವರುಗಳು ಇದನ್ನು ಡಿಕಂಪ್ರೆಷನ್ ಕಾಯಿಲೆ ಎನ್ನುತ್ತಾರೆ.

ಡೈವರ್ಸ್ ಅಲರ್ಟ್ ನೆಟ್‌ವರ್ಕ್ ಎಂಬ ಡೈವಿಂಗ್ ಸುರಕ್ಷತಾ ಸಂಸ್ಥೆಯು ಡೈವಿಂಗ್ ನಂತರದ ವಿಮಾನ ಪ್ರಯಾಣಕ್ಕೆ ಕೊಟ್ಟಿರುವ ಸಲಹೆಯಂತೆ, ಒಂದೇ ಸಾಧಾರಣ ಡೈವ್ ಮಾಡಿದವರು ಕನಿಷ್ಠ 12 ಗಂಟೆ, ಒಂದಕ್ಕಿಂತ ಹೆಚ್ಚು ಡೈವ್ ಅಥವಾ ಹಲವು ದಿನ ಡೈವ್ ಮಾಡಿದವರು ಕನಿಷ್ಠ 18 ಗಂಟೆ ಕಾಯಬೇಕು. ಈ ಸಲಹೆ ಅನ್ವಯಿಸುವ ಎತ್ತರ ಆರಂಭವಾಗುವುದು ಸುಮಾರು 600 ಮೀಟರಿನಿಂದ. ಆಗುಂಬೆಯ ತಿರುವುಗಳನ್ನು ಹತ್ತಿ ಮುಗಿಸುವಷ್ಟರಲ್ಲಿ ನಾವು ಆ ಗೆರೆಯನ್ನು ದಾಟಿರುತ್ತೇವೆ; ಸಕಲೇಶಪುರ, ಮೂಡಿಗೆರೆ, ಬಾಳೆಹೊನ್ನೂರಿನವರ ಮನೆಗಳೂ ಆ ಗೆರೆಯ ಮೇಲೆಯೇ ಇವೆ.

ಹೀಗಾಗಿ ಪ್ರವಾಸಕ್ಕೆ ಮೂರು ದಿನ, ಘಟ್ಟದ ಕೆಳಗೆ ಎರಡು ರಾತ್ರಿ ಎಂದು ಇಟ್ಟುಕೊಳ್ಳಬೇಕು. ಮೊದಲ ದಿನ ಹಗಲಿನಲ್ಲೇ ಘಟ್ಟ ಇಳಿದು ಮುರ್ಡೇಶ್ವರದಲ್ಲಿ ತಂಗುವುದು, ಎರಡನೆಯ ದಿನ ಬೆಳಿಗ್ಗೆ ಡೈವ್ ಮಾಡಿ ಅಲ್ಲಿಯೇ ಉಳಿಯುವುದು, ಮೂರನೆಯ ದಿನ ಮಧ್ಯಾಹ್ನದ ಹೊತ್ತಿಗೆ ಘಟ್ಟದ ಬುಡ ತಲುಪುವಂತೆ ಹೊರಡುವುದು. ಎರಡು ಡೈವ್ ಮಾಡಿ ಮಧ್ಯಾಹ್ನ ಒಂದು ಗಂಟೆಗೆ ನೀರಿನಿಂದ ಮೇಲೆ ಬಂದವರಿಗೆ 18 ಗಂಟೆ ತುಂಬುವುದು ಮರುದಿನ ಬೆಳಿಗ್ಗೆ ಏಳಕ್ಕೆ; ಇನ್ನೂ ನಾಲ್ಕೈದು ಗಂಟೆ ಹೆಚ್ಚು ಬಿಡುವುದರಲ್ಲಿ ನಷ್ಟವಿಲ್ಲ. ಹಾಸನದ ಮೂಲಕ ಸಕಲೇಶಪುರ, ಸುಬ್ರಹ್ಮಣ್ಯ ದಾಟಿ ಕಾರವಾರದ ಕಡೆಗೆ ಹೋಗುವ ರಾತ್ರಿ ರೈಲಿನಲ್ಲಿ ಬರುವವರೂ ಇದೇ ಲೆಕ್ಕವನ್ನು ಹಿಡಿಯಬೇಕು, ಏಕೆಂದರೆ ರೈಲೂ ಅದೇ ಘಟ್ಟವನ್ನೇ ಹತ್ತುತ್ತದೆ. ಕೊಲ್ಲೂರಿಗೆ ಹೋಗಿ ದೇವಿಯ ದರ್ಶನ ಮಾಡಿ ಕೊಡಚಾದ್ರಿಯನ್ನೂ ಹತ್ತಿ ಬರುವ ಆಸೆ ಅನೇಕರಿಗೆ ಇರುತ್ತದೆ. ಕೊಡಚಾದ್ರಿ 1,343 ಮೀಟರ್ ಎತ್ತರದ ಬೆಟ್ಟ. ಅದನ್ನು ಹತ್ತುವುದಿದ್ದರೆ ಡೈವಿಂಗ್‌ಗೆ ಮೊದಲು ಹತ್ತಬೇಕು. ಡೈವ್ ಆದ ಮರುದಿನ ಮುಳ್ಳಯ್ಯನಗಿರಿಗೆ ನೆಂಟರನ್ನು ಕರೆದೊಯ್ಯುವ ಕಾರ್ಯಕ್ರಮವನ್ನೂ ಇಟ್ಟುಕೊಳ್ಳಬಾರದು.

ಇನ್ನು ಕಾಲದ ವಿಷಯ. ನೇತ್ರಾಣಿ ಭಟ್ಕಳ ತಾಲ್ಲೂಕಿಗೆ ಸೇರಿದ, ಮುರ್ಡೇಶ್ವರದ ತೀರದಿಂದ ಸುಮಾರು 19 ಕಿಲೋಮೀಟರ್ ದೂರದ ಪುಟ್ಟ ದ್ವೀಪ. ದೋಣಿಯಲ್ಲಿ ಒಂದರಿಂದ ಒಂದೂವರೆ ಗಂಟೆಯ ದಾರಿ. ಮಳೆಗಾಲದಲ್ಲಿ ಅಲ್ಲಿಗೆ ಹೋಗುವ ಮಾತೇ ಇಲ್ಲ. ಡೈವಿಂಗ್ ನಡೆಯುವುದು ಅಕ್ಟೋಬರ್ ಕೊನೆಯಿಂದ ಮೇ ತಿಂಗಳವರೆಗೆ, ಅದರಲ್ಲಿಯೂ ನೀರು ತಿಳಿಯಾಗಿರುವುದು ಡಿಸೆಂಬರ್, ಜನವರಿ, ಫೆಬ್ರುವರಿಯಲ್ಲಿ. ನಮ್ಮ ಕಡೆಯ ತೊಡಕು ಇಲ್ಲಿಯೇ ಇದೆ. ತೋಟದವರಿಗೆ ಆ ದಿನಗಳೇ ಅರೇಬಿಕಾ ಹಣ್ಣು ಕೊಯ್ಯುವ, ಪಲ್ಪರ್ ಓಡುವ, ಕಣದಲ್ಲಿ ಕಾಫಿ ಹರಡುವ ದಿನಗಳು. ಅದು ಮುಗಿಯುವಷ್ಟರಲ್ಲಿ ರೋಬಸ್ಟಾ ಬರುತ್ತದೆ. ಆದ್ದರಿಂದ ಕೊಯ್ಲು ಬಿರುಸಾಗುವ ಮುನ್ನ ನವೆಂಬರ್ ಆರಂಭದಲ್ಲಿ, ಇಲ್ಲವೆ ಕೊಯ್ಲು ಮುಗಿದು ಹೂಮಳೆಗೆ ಕಾಯುವ ಮಾರ್ಚ್‌ನಲ್ಲಿ ಹೋಗುವುದು ತೋಟದವರಿಗೆ ಅನುಕೂಲ. ನೌಕರಿಯಲ್ಲಿರುವವರು ಜನವರಿಯ ಯಾವುದಾದರೂ ವಾರದ ನಡುವಿನ ದಿನಗಳನ್ನು ಹಿಡಿದರೆ ದೋಣಿಯಲ್ಲಿ ನೂಕುನುಗ್ಗಲು ಕಡಿಮೆ.

ಡೈವಿಂಗ್ ಕೇಂದ್ರವನ್ನು ಆರಿಸುವಾಗ ದರ ಕೇಳುವುದಕ್ಕಿಂತ ಮೊದಲು ಕೇಳಬೇಕಾದ ಪ್ರಶ್ನೆಗಳಿವೆ. ಒಬ್ಬ ತರಬೇತುದಾರರು ಒಮ್ಮೆಗೆ ಎಷ್ಟು ಮಂದಿ ಹೊಸಬರನ್ನು ನೀರಿಗಿಳಿಸುತ್ತಾರೆ, ದೋಣಿಯಲ್ಲಿ ತುರ್ತು ಆಮ್ಲಜನಕದ ಸಿಲಿಂಡರ್ ಇದೆಯೇ, ಅದನ್ನು ಕೊಡಲು ತರಬೇತಿ ಪಡೆದವರು ಇದ್ದಾರೆಯೇ, ಸಮುದ್ರದಲ್ಲಿ ಅಲೆಗಳ ಅಬ್ಬರ ಹೆಚ್ಚಿದರೆ ಪ್ರವಾಸವನ್ನು ಮುಂದೂಡುತ್ತಾರೆಯೇ ಎಂದು ಫೋನಿನಲ್ಲಿಯೇ ಕೇಳಬಹುದು. ಈ ಪ್ರಶ್ನೆಗಳಿಗೆ ಬೇಸರಪಡುವ ಕೇಂದ್ರವನ್ನು ಬಿಡುವುದೇ ಒಳಿತು. ಯಾವ ತರಬೇತಿಯೂ ಇಲ್ಲದವರನ್ನು ತರಬೇತುದಾರರು ಜೊತೆಯಲ್ಲಿದ್ದುಕೊಂಡೇ ಕರೆದೊಯ್ಯುವ ಪರಿಚಯ ಡೈವ್‌ನ ಗರಿಷ್ಠ ಆಳ 12 ಮೀಟರ್, ಕನಿಷ್ಠ ವಯಸ್ಸು 10 ವರ್ಷ. ಡೈವಿಂಗ್ ಕಲಿಕೆಯ ಮೊದಲ ಹಂತವಾದ ಓಪನ್ ವಾಟರ್ ಕೋರ್ಸ್ ಮುಗಿಸಿದ ವಯಸ್ಕರು 18 ಮೀಟರ್‌ವರೆಗೆ ಹೋಗಬಹುದು. ಆ ಕೋರ್ಸಿಗೆ 200 ಮೀಟರ್ ಈಜಲು, 10 ನಿಮಿಷ ತೇಲಿಕೊಂಡಿರಲು ಬರಬೇಕು.

ನಾನು ಮೊದಲ ಬಾರಿ ಹೋದಾಗ ಆರೋಗ್ಯದ ಪ್ರಶ್ನಾವಳಿಯನ್ನು ದಡದ ಮೇಲೆ, ದೋಣಿ ಹೊರಡುವ ಅವಸರದಲ್ಲಿ ಕೈಗಿತ್ತು, 'ಎಲ್ಲದಕ್ಕೂ ಇಲ್ಲ ಅಂತ ಬರೆದು ಸಹಿ ಹಾಕಿ ಸಾರ್' ಎಂದರು. ನಾನು ಹಾಗೆಯೇ ಮಾಡಿದೆ. ನನ್ನ ಪಕ್ಕದಲ್ಲಿದ್ದ ಗೆಳೆಯರು ಉಬ್ಬಸಕ್ಕೆ ಇನ್‌ಹೇಲರ್ ಬಳಸುತ್ತಿದ್ದವರು. ಅವರೂ ಹಾಗೆಯೇ ಮಾಡಿದರು. ಅಂದು ಏನೂ ಆಗಲಿಲ್ಲವಾದರೂ ಆ ಸಹಿಯನ್ನು ನೆನೆದರೆ ಈಗಲೂ ನನಗೆ ಸಮಾಧಾನವಿಲ್ಲ. ಉಬ್ಬಸ, ಹೃದಯದ ತೊಂದರೆ, ಮೂರ್ಛೆರೋಗ, ಕಿವಿ ಅಥವಾ ಶ್ವಾಸಕೋಶದ ಶಸ್ತ್ರಚಿಕಿತ್ಸೆ ಆಗಿರುವವರು ಆ ಪ್ರಶ್ನಾವಳಿಯನ್ನು ಮೊದಲೇ ತರಿಸಿಕೊಂಡು, ಊರಿನಲ್ಲಿಯೇ ವೈದ್ಯರಿಗೆ ತೋರಿಸಿ ಅವರ ಒಪ್ಪಿಗೆ ಪಡೆಯಬೇಕು. ಗರ್ಭಿಣಿಯರು ಡೈವ್ ಮಾಡಲೇಬಾರದು. ನೆಗಡಿ ಇದ್ದರೆ ಯಾರೂ ಇಳಿಯಬಾರದು; ಮೂಗು ಬಿಡಿಸುವ ಔಷಧಿ ಹಾಕಿಕೊಂಡು ಇಳಿದರೆ ಆಳದಲ್ಲಿ ಅದರ ಪ್ರಭಾವ ಕಳೆದು, ಮೇಲೆ ಬರುವಾಗ ಕಿವಿಯೊಳಗಿನ ಗಾಳಿ ಹೊರಬರಲಾಗದೆ ಸಿಕ್ಕಿಕೊಳ್ಳಬಹುದು.

ಈಜು ಬಾರದಿದ್ದರೂ ಪರಿಚಯ ಡೈವ್‌ಗೆ ಕರೆದೊಯ್ಯುತ್ತಾರೆ, ಆದರೂ ಹೊರಡುವ ಒಂದು ತಿಂಗಳ ಮೊದಲಿನಿಂದ ಊರಿನ ಈಜುಕೊಳದಲ್ಲಿ ಮುಖವನ್ನು ನೀರಿನಲ್ಲಿಟ್ಟು ಬಾಯಿಂದ ನಿಧಾನವಾಗಿ ಉಸಿರು ಬಿಡುವುದನ್ನು ರೂಢಿ ಮಾಡಿಕೊಂಡರೆ ಅರ್ಧ ಭಯ ಅಲ್ಲಿಯೇ ಹೋಗುತ್ತದೆ. ಗೊರೂರಿನ ಹೇಮಾವತಿ ಹಿನ್ನೀರಿನಲ್ಲೋ ತೋಟದ ಕೆರೆಯಲ್ಲೋ ಈ ಅಭ್ಯಾಸ ಬೇಡ. ಹೂಳು, ಮುಳುಗಿದ ಮರದ ಬೊಡ್ಡೆಗಳಿರುವ ನೀರು ಅದು. ಕನ್ನಡಕದವರು ಪವರ್ ಇರುವ ಮಾಸ್ಕ್ ಸಿಗುತ್ತದೆಯೇ ಎಂದು ಮೊದಲೇ ವಿಚಾರಿಸಬೇಕು.

ಚಾರ್ಮಾಡಿಯ ತಿರುವುಗಳಲ್ಲಿ ವಾಂತಿಯಾಗುವವರಿಗೆ ದೋಣಿಯಲ್ಲಿಯೂ ಆಗುತ್ತದೆ ಎಂದೇ ತಿಳಿಯಬೇಕು. ವಾಂತಿ ತಡೆಯುವ ಮಾತ್ರೆಗಳಲ್ಲಿ ಕೆಲವು ಮಂಪರು ತರುವುದರಿಂದ, ಡೈವ್ ಮಾಡುವುದನ್ನು ಹೇಳಿಯೇ ವೈದ್ಯರಿಂದ ಬರೆಸಿಕೊಳ್ಳಬೇಕು. ಹಿಂದಿನ ರಾತ್ರಿ ಮದ್ಯ ಬೇಡ, ಬೆಳಿಗ್ಗೆ ಎರಡು ಇಡ್ಲಿ ಸಾಕು, ನೀರು ಮಾತ್ರ ಧಾರಾಳವಾಗಿ ಕುಡಿಯಬೇಕು.

ನೀರಿಗಿಳಿದ ಮೇಲೆ ಮೊದಲು ಎದುರಾಗುವುದು ಕಿವಿ. ಘಟ್ಟ ಇಳಿಯುವಾಗ ಕಿವಿ ಕಟ್ಟಿ, ಎಂಜಲು ನುಂಗಿದರೆ 'ಟಕ್' ಎಂದು ಬಿಡುವುದು ನಮಗೆಲ್ಲ ಗೊತ್ತು. ಚಾರ್ಮಾಡಿಯಲ್ಲಿ ಅರ್ಧ ಗಂಟೆಯಲ್ಲಿ ಆಗುವ ಒತ್ತಡದ ಬದಲಾವಣೆ ನೀರಿನಲ್ಲಿ ಮೊದಲ ಒಂದು ಮೀಟರಿನಲ್ಲಿಯೇ ಆಗಿಬಿಡುತ್ತದೆ. ಆದ್ದರಿಂದ ನೋವು ಬರುವವರೆಗೆ ಕಾಯದೆ, ಪ್ರತಿ ಅರ್ಧ ಮೀಟರಿಗೊಮ್ಮೆ ಮೂಗು ಹಿಡಿದು ಮೆಲ್ಲಗೆ ಗಾಳಿ ಊದಿ ಕಿವಿ ಬಿಡಿಸಿಕೊಳ್ಳುತ್ತ ಇಳಿಯಬೇಕು. ಬಿಡದಿದ್ದರೆ ಒಂದು ಮೀಟರ್ ಮೇಲೆ ಬಂದು ಮತ್ತೆ ಪ್ರಯತ್ನಿಸಬೇಕು; ಬಲವಂತವಾಗಿ ಊದಬಾರದು. ಯಾವ ಕಾರಣಕ್ಕೂ ಉಸಿರು ಬಿಗಿಹಿಡಿಯಬಾರದು, ಏಕೆಂದರೆ 10 ಮೀಟರ್ ಆಳದಲ್ಲಿ ತುಂಬಿಕೊಂಡ ಗಾಳಿ ಮೇಲೆ ಬರುವಷ್ಟರಲ್ಲಿ ಎರಡರಷ್ಟು ಹಿಗ್ಗಿ ಶ್ವಾಸಕೋಶವನ್ನು ಹರಿಯಬಹುದು. ಏರುವ ವೇಗ ನಿಮಿಷಕ್ಕೆ 9 ಮೀಟರ್ ಮೀರಬಾರದು. 5 ಮೀಟರಿನಲ್ಲಿ 3 ನಿಮಿಷ ನಿಂತು ಮುಂದುವರಿಯುವುದು ಒಳ್ಳೆಯ ಅಭ್ಯಾಸ. ಸನ್ನೆಗಳಲ್ಲಿ ಒಂದು ಎಚ್ಚರಿಕೆ: ಹೆಬ್ಬೆರಳು ಮೇಲೆತ್ತಿದರೆ 'ಚೆನ್ನಾಗಿದ್ದೇನೆ' ಎಂದಲ್ಲ, 'ಮೇಲೆ ಹೋಗೋಣ' ಎಂದರ್ಥ.

ಅಷ್ಟು ಗಮನದಲ್ಲಿಟ್ಟುಕೊಂಡರೆ ಉಳಿದದ್ದನ್ನು ನೇತ್ರಾಣಿಯೇ ನೋಡಿಕೊಳ್ಳುತ್ತದೆ. ಹತ್ತು ಮೀಟರಿನಲ್ಲಿ ನಾನು ಕಲ್ಲೊಂದರ ಪಕ್ಕ ತೇಲುತ್ತಿದ್ದಾಗ ಹುರಿಗಾಳು ಅಗಿಯುವಂಥ ಕಟಕಟ ಸದ್ದು ಕೇಳಿಸಿತು. ಪ್ಯಾರಟ್ ಮೀನೊಂದು ಹವಳದ ಬಂಡೆಯನ್ನು ಕೆರೆದು ಪಾಚಿ ತಿನ್ನುತ್ತಿತ್ತು. ನನ್ನ ಮಣಿಕಟ್ಟಿನಲ್ಲಿದ್ದ ಶೃಂಗೇರಿಯ ಕೆಂಪು ದಾರ ಅಲ್ಲಿ ಮಾಸಿದ ಕಂದು ಬಣ್ಣಕ್ಕೆ ತಿರುಗಿತ್ತು, ಏಕೆಂದರೆ ಬೆಳಕಿನ ಕೆಂಪನ್ನು ನೀರು ಎಲ್ಲಕ್ಕಿಂತ ಮೊದಲು ಹೀರಿಕೊಳ್ಳುತ್ತದೆ. ಹವಳ ಕಲ್ಲಲ್ಲ, ಜೀವಿ. ಕೈಯಾಗಲಿ ಕಾಲಿಗೆ ತೊಟ್ಟ ಈಜುರೆಕ್ಕೆ (ಫಿನ್) ಆಗಲಿ ತಾಗಿದರೆ ಹಲವು ವರ್ಷಗಳ ಬೆಳವಣಿಗೆ ಮುರಿಯುತ್ತದೆ. ಅದನ್ನು ಕಿತ್ತು ತರುವುದು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಡಿ ಅಪರಾಧವೂ ಹೌದು. ಮಕ್ಕಳಿಗೆಂದು ಚಿಪ್ಪನ್ನೂ ತರಬೇಡಿ.

ಮೂರನೆಯ ದಿನ ಕಾರು ಹತ್ತುವ ಮೊದಲು ಜೊತೆಗಾರರೆಲ್ಲರನ್ನೂ ಒಮ್ಮೆ ವಿಚಾರಿಸಿ. ಭುಜ, ಮೊಣಕೈ, ಮಂಡಿಯಲ್ಲಿ ಕಾರಣವಿಲ್ಲದ ನೋವು, ಕೈಕಾಲು ಜುಮ್ಮೆನ್ನುವುದು, ಚರ್ಮದ ಮೇಲೆ ಕಲೆ, ತಲೆಸುತ್ತು, ಅತಿಯಾದ ಸುಸ್ತು ಯಾರಿಗಾದರೂ ಇದ್ದರೆ, ಸಿಲಿಂಡರ್ ಹೊತ್ತ ಆಯಾಸವೆಂದು ತಳ್ಳಿಹಾಕಬಾರದು. ಅಂಥವರನ್ನು ಘಟ್ಟ ಹತ್ತಿಸದೆ, ಡೈವಿಂಗ್ ಕೇಂದ್ರಕ್ಕೆ ತಿಳಿಸಿ ಆಮ್ಲಜನಕ ಕೊಡಿಸಿ, ಕರಾವಳಿಯಲ್ಲಿಯೇ ಮಣಿಪಾಲ ಅಥವಾ ಮಂಗಳೂರಿನ ದೊಡ್ಡ ಆಸ್ಪತ್ರೆಗೆ ಕರೆದೊಯ್ಯಬೇಕು. ಎಷ್ಟು ಆಳಕ್ಕೆ ಹೋಗಿದ್ದರು, ಎಷ್ಟು ನಿಮಿಷ ಇದ್ದರು, ಎಷ್ಟು ಗಂಟೆಗೆ ಮೇಲೆ ಬಂದರು ಎಂಬುದನ್ನು ವೈದ್ಯರು ಮೊದಲು ಕೇಳುತ್ತಾರೆ. ಅದಕ್ಕಾಗಿ ದೋಣಿ ದಡ ಸೇರುವ ಮುನ್ನವೇ ಆಳ, ಸಮಯವನ್ನು ದಾಖಲಿಸುವ ತರಬೇತುದಾರರ ಡೈವ್ ಕಂಪ್ಯೂಟರ್ ನೋಡಿ ಈ ಮೂರನ್ನೂ ಫೋನಿನಲ್ಲಿ ಬರೆದಿಟ್ಟುಕೊಂಡಿರಬೇಕು.