ಮನೆ ಕೊಂಡ ಮೇಲೆ ಬರುವ ಕಂದಾಯದ ಬಿಲ್: ಬೇ ಏರಿಯಾದ ಹೊಸಬರಿಗೆ

ಕ್ಯಾಲಿಫೋರ್ನಿಯಾದ ಬೇ ಏರಿಯಾದಲ್ಲಿ ಮೊದಲ ಮನೆ ನೋಡುತ್ತಿರುವವರು, ಈಗ ತಾನೇ ಕೊಂಡವರು ಇದನ್ನು ಪೂರ್ತಿ ಓದಿ. ಬಾಡಿಗೆಯಲ್ಲಿ ಇರುವವರಿಗೆ ಈ ಬಿಲ್ ಬರುವುದಿಲ್ಲ. ಆದರೂ ಓದಿಟ್ಟುಕೊಳ್ಳಿ. ಮನೆ ಹುಡುಕಲು ಶುರು ಮಾಡಿದ ಮೇಲೆ ಯಾರಿಗೂ ಪುರುಸೊತ್ತು ಇರುವುದಿಲ್ಲ.

ಊರಿನ ಲೆಕ್ಕ ಇಲ್ಲಿ ನಡೆಯುವುದಿಲ್ಲ

ಬೆಂಗಳೂರಿನಲ್ಲಿ ನಾವೇ ಚದರಡಿ ಲೆಕ್ಕ ಹಾಕಿ, ನಾವೇ ಘೋಷಿಸಿ ಕಟ್ಟುತ್ತೇವೆ. ಏಪ್ರಿಲ್‌ನಲ್ಲಿ ಪೂರ್ತಿ ಕಟ್ಟಿದರೆ ಶೇ 5 ರಿಯಾಯಿತಿ. ಇಲ್ಲಿ ಬೇಗ ಕಟ್ಟಿದರೆ ಏನೂ ಕಡಿಮೆ ಆಗುವುದಿಲ್ಲ. ಬೆಲೆ ನಿಗದಿ ಮಾಡುವುದು ಕೌಂಟಿಯ (ಇಲ್ಲಿನ ಜಿಲ್ಲಾಡಳಿತದ) ಅಸೆಸರ್, ಹಣ ತೆಗೆದುಕೊಳ್ಳುವುದು ಟ್ಯಾಕ್ಸ್ ಕಲೆಕ್ಟರ್. ಖಾತಾ ಮಾಡಿಸುವ ಓಡಾಟವೂ ಇಲ್ಲ. ಕ್ರಯಪತ್ರ ಕೌಂಟಿಯಲ್ಲಿ ದಾಖಲಾದರೆ ಸಾಕು. ತೆರಿಗೆ ವರ್ಷ ಜುಲೈ 1ರಿಂದ ಜೂನ್ 30.

ಮಾರುವವರ ತೆರಿಗೆ ನೋಡಿ ಖುಷಿಪಡಬೇಡಿ

ಮನೆ ಮಾರಾಟದ ಜಾಹೀರಾತಿನಲ್ಲಿ ‘ವರ್ಷಕ್ಕೆ 5,000 ಡಾಲರ್ ತೆರಿಗೆ’ ಅಂತ ಇರುತ್ತದೆ. ಅದು ಈಗಿನ ಮಾಲೀಕರು ಕಟ್ಟುತ್ತಿರುವುದು. ನಿಮಗೆ ಬರುವುದು ಅದಲ್ಲ.

ಇದಕ್ಕೆ ಕಾರಣ 1978ರ ಜೂನ್‌ನಲ್ಲಿ ಕ್ಯಾಲಿಫೋರ್ನಿಯಾದ ಮತದಾರರು ಒಪ್ಪಿದ ‘ಪ್ರೊಪೊಸಿಷನ್ 13’ ಅನ್ನುವ ನಿಯಮ. ಅದರ ಪ್ರಕಾರ ಮನೆ ಕೊಂಡಾಗಿನ ಬೆಲೆಯೇ ತೆರಿಗೆಗೆ ಆಧಾರ. ಆ ಬೆಲೆಯನ್ನು ವರ್ಷಕ್ಕೆ ಶೇ 2ಕ್ಕಿಂತ ಜಾಸ್ತಿ ಏರಿಸುವಂತಿಲ್ಲ, ಮಾರುಕಟ್ಟೆ ಎಷ್ಟೇ ಏರಲಿ. ಮನೆ ಕೈ ಬದಲಾದಾಗ ಲೆಕ್ಕ ಹೊಸದಾಗಿ ಶುರು. ಹಾಗಾಗಿ ಫ್ರೀಮಾಂಟ್‌ನ ಒಂದೇ ಬೀದಿಯಲ್ಲಿ, ಒಂದೇ ಅಳತೆಯ ಎರಡು ಮನೆಗಳಿಗೆ ನಾಲ್ಕು ಪಟ್ಟು ವ್ಯತ್ಯಾಸ ಇರಬಹುದು. ಪಕ್ಕದ ಮನೆಯ ಅಜ್ಜಿ ಕಡಿಮೆ ಕಟ್ಟುತ್ತಾರೆ ಅಂತ ಬೇಸರ ಬೇಡ. ಸಂಬಳ ನಿಂತ ಕಾಲದಲ್ಲಿ ತೆರಿಗೆಗಾಗಿ ಮನೆ ಬಿಡಬೇಕಾಗಬಾರದು ಅನ್ನುವ ಈ ರಕ್ಷಣೆ ಮುಂದೆ ನಿಮಗೂ ಸಿಗುತ್ತದೆ.

ಅಂದಾಜು ಮಾಡುವುದು ಕಷ್ಟವಲ್ಲ. ಮೂಲ ದರ ಶೇ 1. ಶಾಲೆ, ಕಾಲೇಜು, ಸಾರಿಗೆಗೆ ಮತದಾರರು ಒಪ್ಪಿದ ಬಾಂಡ್‌ಗಳ (ಸಾರ್ವಜನಿಕ ಸಾಲಗಳ) ಪಾಲು ಅದರ ಮೇಲೆ. ಎರಡೂ ಸೇರಿ ಶೇ 1.2 ಅಂತ ಇಟ್ಟುಕೊಳ್ಳಿ. ನೀವು ಕೊಡುವ ಬೆಲೆ 15 ಲಕ್ಷ ಡಾಲರ್ ಆದರೆ ವರ್ಷಕ್ಕೆ 18,000, ಅಂದರೆ ತಿಂಗಳಿಗೆ 1,500. ಸಾಲದ ಕಂತಿನ ಜೊತೆಗೆ ಇದನ್ನೂ ಕೂಡಿಸಿ ನೋಡಿ, ಆಮೇಲೆ ಆಫರ್ ಹಾಕಿ. ಖಚಿತ ದರ ಬೇಕಿದ್ದರೆ ಆ ಮನೆಯ ಹಳೆಯ ಬಿಲ್ಲನ್ನು ಕೌಂಟಿಯ ವೆಬ್‌ಸೈಟ್‌ನಲ್ಲಿ ತೆಗೆದು ನೋಡಿ. ಅದರಲ್ಲಿರುವ ಮೊತ್ತ ಬೇಡ, ದರ ಮಾತ್ರ ಬರೆದುಕೊಳ್ಳಿ.

ಸಪ್ಲಿಮೆಂಟಲ್ ಬಿಲ್: ದಯವಿಟ್ಟು ಎರಡು ಸಲ ಓದಿ

ನಮ್ಮಲ್ಲಿ ತುಂಬಾ ಕುಟುಂಬಗಳು ನೊಂದಿರುವುದು ಇದರಿಂದಲೇ. ಮನೆ ಕೊಂಡ ವರ್ಷ ಮಾಮೂಲಿ ಬಿಲ್ ಹಳೆಯ ಬೆಲೆಯ ಮೇಲೆಯೇ ಬರಬಹುದು. ಹಳೆಯ ಬೆಲೆಗೂ ನಿಮ್ಮ ಬೆಲೆಗೂ ಇರುವ ವ್ಯತ್ಯಾಸದ ತೆರಿಗೆಯನ್ನು ಕೌಂಟಿ ಬೇರೆ ಬಿಲ್ ಮಾಡಿ ಕಳಿಸುತ್ತದೆ. ನೀವು ಹೊಸ ಮನೆಗೆ ಬಂದು ಎಷ್ಟೋ ತಿಂಗಳಾದ ಮೇಲೆ ಆ ಬಿಲ್ ಬರುತ್ತದೆ.

ಲೆಕ್ಕ ಹೀಗೆ. ಮಾರಿದವರ ಲೆಕ್ಕದಲ್ಲಿ ಮನೆಯ ಬೆಲೆ 4 ಲಕ್ಷ ಇತ್ತು, ನೀವು 15 ಲಕ್ಷಕ್ಕೆ ಕೊಂಡಿರಿ. ವ್ಯತ್ಯಾಸ 11 ಲಕ್ಷ. ಶೇ 1.2ರಂತೆ ವರ್ಷಕ್ಕೆ 13,200. ಅಕ್ಟೋಬರ್ 15ಕ್ಕೆ ಮನೆ ನಿಮ್ಮ ಹೆಸರಿಗೆ ಬಂದರೆ ಲೆಕ್ಕ ಮುಂದಿನ ತಿಂಗಳ 1ನೇ ತಾರೀಖಿನಿಂದ. ನವೆಂಬರ್‌ನಿಂದ ಜೂನ್‌ವರೆಗೆ 8 ತಿಂಗಳು, ಅಂದರೆ ಸುಮಾರು 8,800 ಡಾಲರ್.

ಜನವರಿಯಿಂದ ಮೇ ಒಳಗೆ ಕೊಂಡವರಿಗೆ ಇಂಥ ಬಿಲ್ ಎರಡು. ಜುಲೈನಲ್ಲಿ ಶುರುವಾಗುವ ಮುಂದಿನ ತೆರಿಗೆ ವರ್ಷದ ಲೆಕ್ಕಕ್ಕೆ ಜನವರಿ 1ರಂದು ಇದ್ದ ಸ್ಥಿತಿಯೇ ಆಧಾರ, ಅವತ್ತು ಮನೆ ನಿಮ್ಮದಾಗಿರಲಿಲ್ಲ, ಅದಕ್ಕೆ. ಇದೇ ಮನೆಯನ್ನು ಫೆಬ್ರವರಿ 15ಕ್ಕೆ ಕೊಂಡಿದ್ದರೆ ಮಾರ್ಚ್‌ನಿಂದ ಜೂನ್‌ವರೆಗೆ 4,400, ಮುಂದಿನ ಪೂರ್ತಿ ವರ್ಷಕ್ಕೆ ಮತ್ತೆ 13,200. ಹೊಸದಾಗಿ ಕಟ್ಟಿದ ಮನೆಯಾದರೆ ಹಳೆಯ ಲೆಕ್ಕದಲ್ಲಿ ಬರೀ ಜಾಗದ ಬೆಲೆ ಇರಬಹುದು. ಆಗ ವ್ಯತ್ಯಾಸ ಇನ್ನೂ ದೊಡ್ಡದು.

‘ಬ್ಯಾಂಕಿನವರು ಇಂಪೌಂಡ್ ಖಾತೆಯಿಂದ (ತೆರಿಗೆಗೆ ಅಂತ ಕಂತಿನ ಜೊತೆ ಹಣ ಕೂಡಿಡುವ ಖಾತೆ) ಕಟ್ಟುತ್ತಾರೆ’ ಅಂತ ನೆಮ್ಮದಿಯಾಗಿ ಕೂರಬೇಡಿ. ಅವರು ಸಾಮಾನ್ಯವಾಗಿ ಮಾಮೂಲಿ ಬಿಲ್ ಮಾತ್ರ ಕಟ್ಟುತ್ತಾರೆ. ಸಪ್ಲಿಮೆಂಟಲ್ ಬಿಲ್ ನಿಮ್ಮ ವಿಳಾಸಕ್ಕೆ ಬರುತ್ತದೆ, ಕಟ್ಟಬೇಕಾದವರೂ ನೀವೇ. ನಮ್ಮ ಮನೆಗೆ ಈ ಬಿಲ್ ಬಂದಾಗ, ಮನೆ ತೋರಿಸಿದ ಏಜೆಂಟರಾಗಲಿ ಸಾಲ ಕೊಟ್ಟವರಾಗಲಿ ಮೊದಲೇ ಒಂದು ಮಾತು ಹೇಳಿರಲಿಲ್ಲ. ಗೃಹಪ್ರವೇಶ, ಮಂಚ, ಸೋಫಾ ಅಂತ ಕೈ ಖಾಲಿಯಾಗಿತ್ತು. ಊರಿಗೆ ಹೋಗಲು ಎತ್ತಿಟ್ಟಿದ್ದ ಟಿಕೆಟ್ ದುಡ್ಡು ಅದಕ್ಕೆ ಹೋಯಿತು. ನಿಮಗೆ ಹಾಗಾಗುವುದು ಬೇಡ. ಕೀಲಿ ಕೈಗೆ ಬಂದ ದಿನವೇ ಈ ಲೆಕ್ಕ ಹಾಕಿ, ಅಷ್ಟು ಹಣವನ್ನು ಬೇರೆ ಖಾತೆಯಲ್ಲಿ ಇಡಿ. ಗೃಹಪ್ರವೇಶಕ್ಕೆ ಇನ್ನೂರು ಜನರನ್ನು ಕರೆಯುವುದು ಆಮೇಲೆ ನೋಡಿಕೊಂಡರಾಯಿತು.

ಬಿಲ್ಲಿನ ಇತರ ಸಾಲುಗಳು

ಬೆಲೆಗೆ ಸಂಬಂಧವೇ ಇಲ್ಲದ ಕೆಲವು ಮೊತ್ತಗಳು ಕೆಳಗೆ ಇರುತ್ತವೆ: ಶಾಲೆಯ ಪಾರ್ಸೆಲ್ ಟ್ಯಾಕ್ಸ್ (ಪ್ರತಿ ನಿವೇಶನಕ್ಕೆ ಹಾಕುವ ತೆರಿಗೆ), ಒಳಚರಂಡಿ, ಸೊಳ್ಳೆ ನಿಯಂತ್ರಣ ಇತ್ಯಾದಿ. ಡಬ್ಲಿನ್, ಟ್ರೇಸಿ ಕಡೆಯ ಹೊಸ ಬಡಾವಣೆಗಳಲ್ಲಿ ಹಲವಕ್ಕೆ ಮೆಲ್ಲೋ-ರೂಸ್ ತೆರಿಗೆಯೂ ಇದೆ. ರಸ್ತೆ, ಶಾಲೆ, ಪಾರ್ಕ್ ಕಟ್ಟಿದ ಸಾಲವನ್ನು ಅಲ್ಲಿನ ಮನೆಯವರೇ ವರ್ಷವರ್ಷ ತೀರಿಸುವ ವ್ಯವಸ್ಥೆ ಇದು. ವರ್ಷಕ್ಕೆ ಸಾವಿರಾರು ಡಾಲರ್ ಆಗಬಹುದು. ಎಷ್ಟು, ಯಾವ ವರ್ಷದವರೆಗೆ ಅಂತ ಸಹಿ ಹಾಕುವ ಮೊದಲು ಕೇಳಿ. ಹೊಸ ಮನೆಯ ಅಡುಗೆಮನೆ ನೋಡಿ ಮರುಳಾಗುವವರು ಈ ಪ್ರಶ್ನೆ ಕೇಳುವುದನ್ನೇ ಮರೆಯುತ್ತಾರೆ.

ತಾರೀಖುಗಳು

- ಮಾಮೂಲಿ ಬಿಲ್ ಬರುವುದು: ಅಕ್ಟೋಬರ್
- ಮೊದಲ ಕಂತು: ನವೆಂಬರ್ 1ರಿಂದ ಡಿಸೆಂಬರ್ 10
- ಎರಡನೇ ಕಂತು: ಫೆಬ್ರವರಿ 1ರಿಂದ ಏಪ್ರಿಲ್ 10
- ಸಪ್ಲಿಮೆಂಟಲ್: ಬಿಲ್ಲಿನಲ್ಲಿ ಬರೆದ ತಾರೀಖು

ಒಂದು ದಿನ ತಡವಾದರೂ ಶೇ 10 ದಂಡ. ಬಿಲ್ ಕೈಗೆ ಸಿಗಲಿಲ್ಲ ಅಂದರೂ ಬಿಡುವುದಿಲ್ಲ. ಡಿಸೆಂಬರ್‌ನಲ್ಲಿ ಊರಿಗೆ ಹೋಗುವವರು ಕಟ್ಟಿಯೇ ವಿಮಾನ ಹತ್ತಿ. ಕೌಂಟಿ ವೆಬ್‌ಸೈಟ್‌ನಲ್ಲಿ ಬ್ಯಾಂಕ್ ಖಾತೆಯಿಂದ ಕಟ್ಟಿ, ಕ್ರೆಡಿಟ್ ಕಾರ್ಡ್‌ಗೆ ಹೆಚ್ಚುವರಿ ಶುಲ್ಕ ಇದೆ. ಈ ಹಣದಲ್ಲೇ ನಮ್ಮ ಮಕ್ಕಳ ಶಾಲೆಗಳು ನಡೆಯುತ್ತವೆ. ಕನ್ನಡದವರ ಮನೆ ಬಾಕಿಯ ಪಟ್ಟಿಯಲ್ಲಿ ಇರಬಾರದು, ಅಲ್ವಾ?

ಸಿಗುವ ವಿನಾಯಿತಿ

ನೀವೇ ವಾಸವಿರುವ ಮನೆಗೆ ತೆರಿಗೆಯ ಬೆಲೆಯಲ್ಲಿ (ತೆರಿಗೆಗೆ ಆಧಾರವಾದ ಮನೆಯ ಬೆಲೆಯಲ್ಲಿ) 7,000 ಡಾಲರ್ ಕಡಿತ ಇದೆ. ಉಳಿಯುವುದು ವರ್ಷಕ್ಕೆ 70 ಡಾಲರ್ ಚಿಲ್ಲರೆ. ಚಿಕ್ಕದು ಅಂತ ಬಿಡಬೇಡಿ, ಒಮ್ಮೆ ಅರ್ಜಿ ಕೊಟ್ಟರೆ ಆ ಮನೆಯಲ್ಲಿ ಇರುವಷ್ಟು ವರ್ಷವೂ ಸಿಗುತ್ತದೆ. ಕೊನೆಯ ದಿನ ಫೆಬ್ರವರಿ 15. ಅಸೆಸರ್ ಕಚೇರಿಯಲ್ಲಿ ಇದಕ್ಕೆ ಒಂದು ಕಾಸೂ ಕೊಡಬೇಕಿಲ್ಲ. ‘ನಾವು ಮಾಡಿಸಿಕೊಡುತ್ತೇವೆ, ಇಷ್ಟು ಕಳಿಸಿ’ ಅಂತ ಸರ್ಕಾರಿ ಪತ್ರದ ಹಾಗೇ ಕಾಣುವ ಕಾಗದ ಬಂದರೆ ಹರಿದು ಹಾಕಿ. ಕ್ರಯಪತ್ರದ ನಕಲು ಕೊಡುತ್ತೇವೆ ಅನ್ನುವ ಕಾಗದಗಳೂ ಅಂಥವೇ.

ಮಾರುಕಟ್ಟೆ ಬಿದ್ದರೆ

ಜನವರಿ 1ರಂದು ಮನೆಯ ಮಾರುಕಟ್ಟೆ ಬೆಲೆ ತೆರಿಗೆಯ ಬೆಲೆಗಿಂತ ಕೆಳಗಿದ್ದರೆ, ತಾತ್ಕಾಲಿಕವಾಗಿ ಇಳಿಸಿ ಅಂತ ಅಸೆಸರ್‌ಗೆ ಉಚಿತವಾಗಿ ಕೇಳಬಹುದು. ಒಪ್ಪದಿದ್ದರೆ ಮೇಲ್ಮನವಿ ಉಂಟು. ಸಾಂಟಾ ಕ್ಲಾರಾ, ಅಲಮೀಡಾ ಕೌಂಟಿಗಳಲ್ಲಿ ಜುಲೈ 2ರಿಂದ ಸೆಪ್ಟೆಂಬರ್ 15ರ ಒಳಗೆ ಸಲ್ಲಿಸಬೇಕು. ಕೆಲವು ಕೌಂಟಿಗಳಲ್ಲಿ ನವೆಂಬರ್ 30ರವರೆಗೆ ಸಮಯವಿದೆ.

ಹೆಸರು ಸೇರಿಸುವುದು, ಕೋಣೆ ಕಟ್ಟುವುದು

ಗಂಡ ಹೆಂಡತಿ ನಡುವೆ ಹೆಸರು ಬದಲಾದರೆ ತೆರಿಗೆ ಬದಲಾಗುವುದಿಲ್ಲ. ಅಣ್ಣ, ತಂಗಿ, ಅಪ್ಪ, ಅಮ್ಮನ ಹೆಸರು ಸೇರಿಸುವ ಮುಂಚೆ ಅಸೆಸರ್ ಕಚೇರಿಗೆ ಫೋನ್ ಮಾಡಿ. ಊರಿನ ಹಾಗೆ ಸುಮ್ನೆ ಜಂಟಿ ಮಾಡಿಸಿಬಿಟ್ಟರೆ ಮನೆಯ ಬೆಲೆ ಹೊಸದಾಗಿ ಲೆಕ್ಕವಾಗುವ ಅಪಾಯ ಇದೆ. ಅಪ್ಪ ಅಮ್ಮನಿಗೆ ಅಂತ ಹೊಸ ಕೋಣೆ ಕಟ್ಟಿಸಿದರೆ ಆ ಕೋಣೆಯ ಬೆಲೆ ಮಾತ್ರ ಸೇರುತ್ತದೆ, ಉಳಿದ ಮನೆಯ ಬೆಲೆ ಹಾಗೇ ಇರುತ್ತದೆ. ಅದಕ್ಕೂ ಒಂದು ಸಪ್ಲಿಮೆಂಟಲ್ ಬಿಲ್ ಬರುತ್ತದೆ.