ರಜೆಯಲ್ಲಿ ಸೇವೆಗೆ ಹೊರಡುವ ಕಾಲೇಜು ತಂಡಕ್ಕೆ

ಉಡುಪಿಯ ಕೃಷ್ಣಮಠದಲ್ಲಿ ಎರಡು ವರ್ಷಕ್ಕೊಮ್ಮೆ, ಜನವರಿ 18ರಂದು, ಪೂಜಾಧಿಕಾರವು ಅಷ್ಟಮಠಗಳ ಪೈಕಿ ಒಂದರಿಂದ ಮತ್ತೊಂದಕ್ಕೆ ಹಸ್ತಾಂತರವಾಗುತ್ತದೆ. ಆ ಪರ್ಯಾಯದ ದಿನಗಳಲ್ಲಿ ಸ್ವಯಂಸೇವಕರು ಎಷ್ಟಿದ್ದರೂ ಸಾಲುವುದಿಲ್ಲವಾದರೂ, ಮೊದಲ ಬಾರಿ ಹೊರಡುವ ವಿದ್ಯಾರ್ಥಿಗಳಿಗೆ ಆ ಜನಜಂಗುಳಿಗಿಂತ ಸೆಮಿಸ್ಟರ್ ರಜೆಯ ಸಾಮಾನ್ಯ ದಿನಗಳೇ ಲೇಸೆಂದು ನನ್ನ ಅಭಿಪ್ರಾಯ. ಕಾರ್ಕಳದ ಅತ್ತೂರು ಇಗರ್ಜಿಯ ಜನವರಿ ಜಾತ್ರೆಗೂ ಇದೇ ಮಾತು ಅನ್ವಯಿಸುತ್ತದೆ.

ತಂಡದ ಸಂಖ್ಯೆ, ದಿನಾಂಕ ಮತ್ತು ಮಾಡಬಲ್ಲ ಕೆಲಸವನ್ನು ಪತ್ರದಲ್ಲಿ ತಿಳಿಸಿ, ಒಪ್ಪಿಗೆ ಬಂದ ಬಳಿಕವೇ ಹೊರಡಬೇಕು. ನಾವೊಮ್ಮೆ ಹೇಳದೆ ಕೇಳದೆ 20 ಮಂದಿ ಒಂದು ದೇವಸ್ಥಾನಕ್ಕೆ ಹೋಗಿದ್ದೆವು. ಅಲ್ಲಿ ಕೆಲಸವಿದ್ದದ್ದು ನಾಲ್ವರಿಗೆ, ಉಳಿದವರು ಊಟ ಮಾಡಿ ಬಂದರು.

ಹೆಚ್ಚಾಗಿ ಸಿಗುವ ಕೆಲಸ ಬಡಿಸುವುದು. ಸಾರಿನ ಬಕೆಟನ್ನು ಅರ್ಧಕ್ಕಿಂತ ಹೆಚ್ಚು ತುಂಬಿಸಬಾರದು, ಏಕೆಂದರೆ ಪಂಕ್ತಿಯಲ್ಲಿ ಬಗ್ಗಿ ಬಗ್ಗಿ ನಡೆಯುವಾಗ ಮೊದಲು ಸೋಲುವುದು ಸೊಂಟ, ಆಮೇಲೆ ತುಳುಕುವುದು ಬಿಸಿ ಸಾರು. ಅನ್ನದ ಗುಂಡಿಯೊಳಗೆ ಸೌಟನ್ನು ತಗ್ಗಿಸಿ, ಎಲೆಗೆ ತಾಗದಂತೆ ಸುರಿಯಬೇಕು. ಎಂಜಲೆಲೆ ತೆಗೆಯುವ, ನೆಲ ಒರೆಸುವ ಸರದಿಯನ್ನು ಹುಡುಗರು, ಹುಡುಗಿಯರು ಎನ್ನದೆ ಮೊದಲೇ ಹಂಚಿಕೊಂಡರೆ ಜಗಳವಿರುವುದಿಲ್ಲ; ಫೋಟೊಕ್ಕೆ ಮಾತ್ರ ಎಲ್ಲರೂ ಮುಂದೆ ಬರುವುದು ಬೇರೆ ಮಾತು.

ಉಡುಪು, ಪ್ರವೇಶ ಮತ್ತು ಮೊಬೈಲಿನ ನಿಯಮಗಳನ್ನು ಅಲ್ಲಿಯವರಿಂದಲೇ ಕೇಳಿ ತಿಳಿಯಬೇಕು. ಜೂನ್ ಬಳಿಕ ಹೋಗುವುದಾದರೆ ಮಳೆ ಬಿಡುವುದಿಲ್ಲ, ಒಗೆದದ್ದು ಒಣಗುವುದಿಲ್ಲ. ಆದ್ದರಿಂದ ತಲಾ ಎರಡು ಜೊತೆ ಬಟ್ಟೆ ಹೆಚ್ಚಿಗೆ ಇರಲಿ.